ಕಳ್ಳನ ಕೈ ಸೇರಿದ ದಾನ

ಹಿಂದಿನ ಕಾಲದ ಓರ್ವ ವ್ಯಕ್ತಿಯ ವೃತ್ತಾಂತವನ್ನು ಪ್ರವಾದಿವರ್ಯರು(ಸ) ತಮ್ಮ ಅನುಚರರಿಗೆ ತಿಳಿಸಿದ್ದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಆ ಮನುಷ್ಯ ಒಂದು ರಾತ್ರಿ ದಾನ ಮಾಡಬೇಕೆಂದು ನಿಶ್ಚಯಿಸಿ ಹೊರಟ. ಎದುರಿಗೆ ಸಿಕ್ಕ ಒಬ್ಬನ ಕೈಗೆ ಹಣವಿತ್ತು ಮರಳಿದ. ಬೆಳಗಾದಾಗ ಊರೆಲ್ಲ ಅದೇ ಮಾತು. ನಿನ್ನೆ ರಾತ್ರಿ ಯಾರೋ ಕಳ್ಳನಿಗೆ ದಾನ ಕೊಟ್ಟಿದ್ದಾರಂತೆ! ಆತ ಅಲ್ಲಾಹನನ್ನು ಸ್ತುತಿಸಿ, ಇನ್ನೊಮ್ಮೆ ಕೊಡುತ್ತೇನೆಂದು ಮರುದಿನ ಮತ್ತೆ ಹೊರಟ. ಅಂದು ಅದು ಓರ್ವ ವ್ಯಭಿಚಾರಿಣಿಯ ಕೈ ಸೇರಿತು. ಜನರು ಮತ್ತೆ ಆಡಿಕೊಂಡರು. ಮೂರನೆಯ ರಾತ್ರಿ ಕೊಟ್ಟದ್ದು ಒಬ್ಬ ಶ್ರೀಮಂತನಿಗೆ ಹೋಯಿತು. ಮೂರು ಬಾರಿಯೂ ಗುರಿ ತಪ್ಪಿತು. ಮೂರು ಬಾರಿಯೂ ಆತ ಅಲ್ಲಾಹನನ್ನು ಸ್ತುತಿಸಿದನೇ ಹೊರತು ದಾನ ನಿಲ್ಲಿಸಲಿಲ್ಲ. ಕೊನೆಗೆ ಅವನಿಗೆ ಒಂದು ಸಮಾಧಾನ ಬಂತು. ಆ ಹಣದಿಂದ ಕಳ್ಳನು ಬಹುಶಃ ಕಳ್ಳತನ ಬಿಡಬಹುದು, ಆ ಹೆಂಗಸು ತನ್ನ ದಾರಿ ಬಿಡಬಹುದು, ಶ್ರೀಮಂತನು ಪಾಠ ಕಲಿತು ತಾನೂ ಕೊಡಲು ಆರಂಭಿಸಬಹುದು.

ಓದುಗರೇ, ಆ ಮೊದಲ ರಾತ್ರಿಯ ಹಣ ನಮ್ಮ ಯಾವುದಾದರೂ ಊರಿನ ಅಂಜುಮನ್ ಕಮಿಟಿಯದ್ದಾಗಿದ್ದರೆ ಮರುದಿನ ಏನಾಗುತ್ತಿತ್ತು? ಇಶಾ ನಮಾಝಿನ ನಂತರ ಸಭೆ ಕರೆಯಲಾಗುತ್ತಿತ್ತು. ಕೊಟ್ಟವನು ಯಾರು, ಯಾರನ್ನು ಕೇಳಿ ಕೊಟ್ಟ ಎಂಬ ವಿಚಾರಣೆ ನಡೆಯುತ್ತಿತ್ತು. ಮುಂದೆ ಗುರುತು ಪರಿಚಯ ಇಲ್ಲದವರಿಗೆ ಬಿಡಿಗಾಸನ್ನೂ ಕೊಡಬಾರದೆಂಬ ಠರಾವಿನೊಂದಿಗೆ ಸಭೆ ಮುಗಿಯುತ್ತಿತ್ತು. ಎರಡನೆಯ ರಾತ್ರಿ ಬರುತ್ತಲೇ ಇರಲಿಲ್ಲ.

ಇದನ್ನು ಬರೆಯಲು ಕಾರಣ ಮುಂಡಗೋಡ ತಾಲೂಕಿನ ಚಿಗಳ್ಳಿಯ ಕಡೆಯಿಂದ ಬಂದ ಒಂದು ಪತ್ರ. ಬರೆದವರು ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಜಮಾತಿನಲ್ಲಿ ರಮಝಾನ್ ಕಳೆದ ಮೇಲೆ 45,000 ರೂಪಾಯಿ ಉಳಿದಿದೆ. ಪ್ರತಿ ವರ್ಷದಂತೆ 60 ಮನೆಗಳಿಗೆ ಕಂಬಳಿ ಹಂಚೋಣ ಎಂದು ಹಿರಿಯರು ಹೇಳುತ್ತಾರೆ. ಆದರೆ ಒಂದು ಅರ್ಜಿ ಬಂದಿದೆ. ಕೂಲಿ ಮಾಡುವವರೊಬ್ಬರ ಮಗಳು ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಶುಂಠಿಗೆ ಬರುವ ಕೊಳೆರೋಗದ ಬಗ್ಗೆ ಸಂಶೋಧನೆ ಮಾಡಬೇಕೆಂಬುದು ಅವಳ ಆಸೆ. ಆ ರೋಗ ಏನೆಂದು ಆ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ಸಾಲ ತಂದು ಶುಂಠಿ ಹಾಕಿದವನು ಒಂದು ಮಳೆಗಾಲದಲ್ಲಿ ಗದ್ದೆಯೆಲ್ಲ ಹಳದಿಯಾಗಿ ಕೊಳೆತದ್ದನ್ನು ನೋಡಿದ್ದಾನೆ. ಪತ್ರದ ಕೊನೆಯ ಸಾಲುಗಳಲ್ಲಿ ಅವರು ಕೇಳುತ್ತಾರೆ: ಅವಳು ಓದು ಅರ್ಧಕ್ಕೆ ಬಿಟ್ಟರೆ? ಮದುವೆಯಾಗಿ ಹೋದರೆ? ಎಲ್ಲ ಓದಿಯೂ ರೋಗಕ್ಕೆ ಮದ್ದು ಸಿಗದಿದ್ದರೆ? ಜನರ ಹಣ ಪೋಲಾದ ಪಾಪ ಯಾರ ತಲೆಗೆ?

ಇದು ಪ್ರಾಮಾಣಿಕ ಪ್ರಶ್ನೆ. ಅಮಾನತ್ತಿನ ಭಯ ಇರುವವನೇ ಹೀಗೆ ಕೇಳುವನು. ಆದ್ದರಿಂದ ಒಂದೇ ಮಾತಿನಲ್ಲಿ ಉತ್ತರಿಸುವುದು ಸರಿಯಲ್ಲ.

ಮೊದಲು ಹಣ ಯಾವುದೆಂದು ನೋಡಬೇಕು. ಝಕಾತ್ ನಮ್ಮ ಇಷ್ಟದಂತೆ ಖರ್ಚು ಮಾಡುವ ಹಣವಲ್ಲ. ಅದರ ಎಂಟು ಹಕ್ಕುದಾರರನ್ನು ಅಲ್ಲಾಹನೇ ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ನಿಶ್ಚಯಿಸಿದ್ದಾನೆ. ಝಕಾತಿನ ಹಣದಿಂದ ಪ್ರಯೋಗಾಲಯ ಕಟ್ಟುತ್ತೇವೆ, ಯಂತ್ರ ತರುತ್ತೇವೆ ಎಂದರೆ ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ. ಬಡವನ ಹಕ್ಕು ಬಡವನ ಕೈಗೇ ಸೇರಬೇಕು. ಆದರೆ ಇಲ್ಲೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಬಡ ವಿದ್ಯಾರ್ಥಿಯ ಕೈಗೆ ಝಕಾತ್ ಸೇರಿದ ಕ್ಷಣವೇ ಕೊಟ್ಟವನ ಹೊಣೆ ತೀರಿತು. ಅವನು ಪರೀಕ್ಷೆಯಲ್ಲಿ ಪಾಸಾಗಬೇಕೆಂಬುದು ಝಕಾತಿನ ಶರತ್ತಲ್ಲ. ಹಸಿದವನಿಗೆ ಅಕ್ಕಿ ಕೊಟ್ಟು, ಅವನು ತಿಂದು ದಪ್ಪಗಾದನೋ ಎಂದು ತಿಂಗಳ ಕೊನೆಗೆ ತೂಕ ಹಾಕಿ ನೋಡುತ್ತೇವೆಯೇ? ವಿದ್ಯಾರ್ಥಿಯನ್ನು ಮಾತ್ರ ಹಾಗೆ ತೂಗುತ್ತೇವೆ.

ಝಕಾತ್ ಅಲ್ಲದ ಹಣದ ಬಾಗಿಲು ವಿಶಾಲವಾಗಿದೆ. ಐಚ್ಛಿಕ ಸದಕಾ ಇದೆ, ವಕ್ಫ್ ಇದೆ. ಹಝ್ರತ್ ಉಮರ್(ರ)ರಿಗೆ ಖೈಬರಿನಲ್ಲಿ ಉತ್ತಮ ಭೂಮಿ ದೊರೆತಾಗ ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಮೂಲವನ್ನು ಉಳಿಸಿ ಫಲವನ್ನು ದಾನ ಮಾಡುವ ಮಾರ್ಗವನ್ನು ಅವರಿಗೆ ತೋರಿಸಲಾಯಿತು. ಆ ಭೂಮಿಯನ್ನು ಮಾರುವಂತಿಲ್ಲ, ಕೊಡುಗೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಇಂದು ಜಗತ್ತಿನಾದ್ಯಂತ ಫೌಂಡೇಶನ್ ಎಂದು ಕರೆಯಲ್ಪಡುವ ಧರ್ಮನಿಧಿಗಳು ನಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಮೂಲಧನ ಕರಗದೆ ಇರುವಾಗ ಬೇಗನೆ ಫಲ ತೋರಿಸಬೇಕೆಂಬ ಒತ್ತಡ ಇರುವುದಿಲ್ಲ. ಸರಕಾರಕ್ಕೆ ಮುಂದಿನ ಚುನಾವಣೆಯ ಚಿಂತೆ, ವ್ಯಾಪಾರಿಗೆ ಮುಂದಿನ ಲಾಭದ ಚಿಂತೆ. ವಕ್ಫ್ ಮಾತ್ರ ಮೂವತ್ತು ವರ್ಷ ಕಾಯಬಲ್ಲುದು.

ಮೂವತ್ತು ವರ್ಷ ಎಂದದ್ದು ಸುಮ್ಮನೆ ಅಲ್ಲ. 1259ರಲ್ಲಿ ಇರಾನಿನ ಮರಾಗಾ ಎಂಬಲ್ಲಿ ನಸೀರುದ್ದೀನ್ ತೂಸಿಯವರ ನೇತೃತ್ವದಲ್ಲಿ ಒಂದು ದೊಡ್ಡ ಖಗೋಳ ವೀಕ್ಷಣಾಲಯ ಆರಂಭವಾಯಿತು. ಅದಕ್ಕೆ ವಕ್ಫ್ ಆದಾಯದಿಂದಲೂ ಹಣ ಬರುತ್ತಿತ್ತು. ಗ್ರಹಗಳ ಲೆಕ್ಕ ಸರಿಯಾಗಬೇಕಾದರೆ ಶನಿಗ್ರಹ ಒಂದು ಸುತ್ತು ಮುಗಿಸುವ ತನಕವಾದರೂ, ಅಂದರೆ ಸುಮಾರು 30 ವರ್ಷ, ನೋಡುತ್ತ ಕೂರಬೇಕೆಂದು ವಿದ್ವಾಂಸರು ಹೇಳಿದರು. ಅರಸ ಹುಲಾಗೂವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆದರೂ ಕೆಲಸ ನಡೆಯಿತು. ತೂಸಿಯವರು ರೂಪಿಸಿದ ಗಣಿತದ ಒಂದು ಯುಕ್ತಿ ಸುಮಾರು ಮುನ್ನೂರು ವರ್ಷಗಳ ನಂತರ, 1543ರ ಕೋಪರ್ನಿಕಸನ ಗ್ರಂಥದಲ್ಲೂ ಕಾಣಿಸಿಕೊಂಡಿತು. ಇಂಥದ್ದೇ ಇನ್ನೊಂದು ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರ ಸುಮಾರಿಗೆ ಕಟ್ಟಿಸಿ ವಕ್ಫ್ ಮಾಡಿದ ಆಸ್ಪತ್ರೆ. ವೈದ್ಯ ಇಬ್ನುನ್ನಫೀಸ್ 1288ರಲ್ಲಿ ನಿಧನರಾಗುವಾಗ ತಮ್ಮ ಮನೆಯನ್ನೂ ಗ್ರಂಥಭಂಡಾರವನ್ನೂ ಆ ಆಸ್ಪತ್ರೆಗೆ ಬಿಟ್ಟುಹೋದರು. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆಂದು ಮೊದಲು ಬರೆದವರು ಅವರೇ. ಆ ಬರಹ ಮರೆತುಹೋಗಿ, 1924ರಲ್ಲಿ ಈಜಿಪ್ಟಿನ ಒಬ್ಬ ವೈದ್ಯರ ಕಣ್ಣಿಗೆ ಬರ್ಲಿನ್ ಗ್ರಂಥಾಲಯದಲ್ಲಿ ಬೀಳುವ ತನಕ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಮನೆ ಬಿಟ್ಟುಹೋದವರಿಗೆ ಇದಾವುದೂ ಗೊತ್ತಿರಲಿಲ್ಲ.

ದೂರದ ಮಾತು ಬೇಡವೆಂದರೆ ನಮ್ಮ ಬೀದರ್ ಇದೆ. ಬಹಮನಿ ವಝೀರ್ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಮದ್ರಸಾ ಕಟ್ಟಿಸಿ ದೂರದೇಶಗಳಿಂದ ವಿದ್ವಾಂಸರನ್ನು ಕರೆಸಿದರು. ಒಂಬತ್ತೇ ವರ್ಷಗಳಲ್ಲಿ, ಶತ್ರುಗಳು ಸೃಷ್ಟಿಸಿದ ಒಂದು ಖೋಟಾ ಪತ್ರವನ್ನು ನಂಬಿ ಸುಲ್ತಾನನು ಅವರಿಗೆ ಮರಣದಂಡನೆ ವಿಧಿಸಿದ. 1696ರಲ್ಲಿ ಮದ್ದುಗುಂಡು ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು. ಲೆಕ್ಕ ಬರೆಯುವವನು ಇದನ್ನು ಯಾವ ಕಲಮಿನಲ್ಲಿ ಬರೆಯುವನು, ಲಾಭವೋ ನಷ್ಟವೋ?

ಈಗ ನಮ್ಮದೇ ಕಾಡಿಗೆ ಬರೋಣ. ಮುಂಡಗೋಡದವರು ಶಿರಸಿ, ಬನವಾಸಿ ದಾಟಿದರೆ ಸೊರಬ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ, ಸೌದೆಗೆ ಹೋದವರು, ದನ ಮೇಯಿಸಲು ಹೋದವರು ವಿಪರೀತ ಜ್ವರದಿಂದ ಮಲಗಿದರು. ಕೆಲವರಿಗೆ ರಕ್ತಸ್ರಾವವಾಯಿತು. ಜನರು ಅದನ್ನು ಮಂಗನ ಕಾಯಿಲೆ ಎಂದರು. ಅದುವರೆಗೆ ಜಗತ್ತಿನ ಯಾವ ವೈದ್ಯ ಪುಸ್ತಕದಲ್ಲೂ ಆ ರೋಗ ಇರಲಿಲ್ಲ. ಆಫ್ರಿಕದ ಹಳದಿ ಜ್ವರವೇ ಬಂತೇನೋ ಎಂಬ ಆತಂಕವೂ ಹುಟ್ಟಿತ್ತು. ಆದರೂ ಹೆಚ್ಚು ಕಾಲ ಕಳೆಯುವ ಮೊದಲೇ ವಿಜ್ಞಾನಿಗಳು ಅದರ ವೈರಸನ್ನು ಪ್ರತ್ಯೇಕಿಸಿದರು. ಅದು ಹರಡುವುದು ಕಾಡಿನ ಉಣುಗುಗಳಿಂದ ಎಂಬುದನ್ನೂ ಕಂಡುಹಿಡಿದರು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು?

ಇದಕ್ಕೆ ಐದು ವರ್ಷ ಮೊದಲೇ, 1952ರಲ್ಲಿ, ಪುಣೆಯಲ್ಲಿ ಒಂದು ವೈರಸ್ ಸಂಶೋಧನಾ ಕೇಂದ್ರ ಆರಂಭವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಂದಿಗೆ ಸೇರಿ ಅದನ್ನು ನಡೆಸಿದ್ದು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಎಂಬ ಧರ್ಮನಿಧಿ. ಸೊಳ್ಳೆ, ಉಣುಗು ಮುಂತಾದ ಕೀಟಗಳಿಂದ ಹರಡುವ ವೈರಸ್‌ಗಳು ಈ ದೇಶದಲ್ಲಿ ಯಾವುವಿವೆ ಎಂದು ಹುಡುಕುವುದೇ ಅದರ ಕೆಲಸ. ಯೋಚಿಸಿ ನೋಡಿ. ಆ ಹಣ ಕೊಡುವಾಗ ಕ್ಯಾಸನೂರಿನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವ ರೋಗ ಸಿಕ್ಕೀತು, ಸಿಕ್ಕೀತೋ ಇಲ್ಲವೋ ಎಂಬ ಭರವಸೆಯೂ ಇರಲಿಲ್ಲ. ಐದು ವರ್ಷ ಸೊಳ್ಳೆ ಹಿಡಿದು, ರಕ್ತ ಪರೀಕ್ಷಿಸಿ, ಪುಸ್ತಕ ತುಂಬಿಸುವುದಷ್ಟೇ ಆಗಿದ್ದರೆ ನಮ್ಮಂಥವರು ಅದನ್ನು ದುಂದುವೆಚ್ಚ ಎನ್ನುತ್ತಿದ್ದೆವು. ಆದರೆ ಮಂಗಗಳು ಸತ್ತಾಗ ಕೆಲಸ ಬಲ್ಲವರು, ಉಪಕರಣ, ಪ್ರಯೋಗಾಲಯ ಎಲ್ಲ ಸಿದ್ಧವಾಗಿದ್ದವು. ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರ ತೆರೆದರು. ಆ ಪುಣೆ ಸಂಸ್ಥೆಯೇ 1978ರಲ್ಲಿ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆಯಿತು. 2020ರ ಜನವರಿಯಲ್ಲಿ ದೇಶದ ಮೊದಲ ಕೊರೋನಾ ಸೋಂಕನ್ನು ದೃಢಪಡಿಸಿದ್ದೂ ಅದೇ ಸಂಸ್ಥೆ. 1952ರಲ್ಲಿ ಹಣ ಕೊಟ್ಟವರು 2020ನ್ನು ಕಂಡಿದ್ದರೇ?

ಕಥೆ ಇಲ್ಲಿಗೇ ನಿಂತರೆ ಅದು ಗೆಲುವಿನ ಕಥೆ ಮಾತ್ರವಾಗುತ್ತಿತ್ತು. ರೋಗಕ್ಕೆ ಲಸಿಕೆ ಬೇಕಾಯಿತು. ಕ್ಯಾಸನೂರು ವೈರಸ್ಸಿಗೆ ಸಂಬಂಧವುಳ್ಳ ರಷ್ಯದ ಒಂದು ಮೆದುಳುಜ್ವರದ ಲಸಿಕೆಯನ್ನು ಆ ಪ್ರದೇಶದ ಜನರಿಗೆ ಕೊಟ್ಟು ನೋಡಿದರು. ಅದು ಫಲ ಕೊಡಲಿಲ್ಲ. ಆ ಸೋಲಿನಿಂದ, ಈ ರೋಗದ ವೈರಸ್ಸಿನಿಂದಲೇ ಲಸಿಕೆ ತಯಾರಿಸಬೇಕೆಂಬುದು ಸ್ಪಷ್ಟವಾಯಿತು. ಅನಂತರ ಬಂದ ಲಸಿಕೆಯನ್ನು ಮಲೆನಾಡಿನಲ್ಲಿ ದಶಕಗಳ ಕಾಲ ಕೊಟ್ಟರು. ಅದರ ಶಕ್ತಿಯೂ ಸಾಲದೆಂದು ಕಂಡುಬಂದು ಕೆಲವು ವರ್ಷಗಳ ಹಿಂದೆ ಅದನ್ನೂ ನಿಲ್ಲಿಸಲಾಯಿತು. ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲೂ ಜನರು ಈ ಜ್ವರಕ್ಕೆ ತುತ್ತಾದರು. ಹೊಸ ಲಸಿಕೆಗಾಗಿ ಶ್ರಮ ನಡೆದಿದೆ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಶಮನವನ್ನು ಇಳಿಸಿದ್ದಾನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆದರೆ ಅದು ಮೊದಲ ಹುಡುಕಾಟಕ್ಕೇ ಸಿಗುವುದೆಂದು ಎಲ್ಲೂ ಹೇಳಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ರಾಕ್‌ಫೆಲರನ ಸಂಪತ್ತು ಎದುರಾಳಿಗಳನ್ನು ತುಳಿದು ಬೆಳೆದ ಎಣ್ಣೆ ವ್ಯಾಪಾರದ್ದು. ಅದೇ ಫೌಂಡೇಶನ್ 1920 ಮತ್ತು 30ರ ದಶಕಗಳಲ್ಲಿ, ಮನುಷ್ಯರನ್ನು ಉತ್ತಮ ತಳಿ, ಕೀಳು ತಳಿ ಎಂದು ವಿಂಗಡಿಸುವ ದುಷ್ಟ ವಿದ್ಯೆಗೆ ಸೇರಿದ ಜರ್ಮನಿಯ ಸಂಸ್ಥೆಗಳಿಗೂ ಹಣ ಕೊಟ್ಟಿತ್ತು. ಅದರ ಪರಿಣಾಮ ಎಷ್ಟು ಭೀಕರವಾಯಿತೆಂದು ಜಗತ್ತಿಗೆ ತಿಳಿದಿದೆ. ಆದ್ದರಿಂದ ಧೈರ್ಯದಿಂದ ಕೊಟ್ಟ ಎಂದ ಮಾತ್ರಕ್ಕೆ ಕೊಡುಗೆ ಪವಿತ್ರವಾಗದು. ನಷ್ಟದ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳಬೇಕು. ನನ್ನ ಹಣ ಹೋದರೆ ಅದು ಸದಕಾ. ಬಡವನ ದೇಹವನ್ನೋ ಮಾನವನ್ನೋ ಪಣಕ್ಕಿಟ್ಟರೆ ಅದು ಅಕ್ರಮ. ಜೂಜಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇದೇ. ಜೂಜುಗಾರನು ಇನ್ನೊಬ್ಬನು ಸೋತರೆ ಮಾತ್ರ ಗೆಲ್ಲುವನು. ಬಿತ್ತುವವನು ಮಳೆ ಕೈಕೊಟ್ಟರೆ ತಾನೇ ಸೋಲುವನು, ಬೆಳೆ ಬಂದರೆ ಹಕ್ಕಿಗೂ ಸಿಗುವುದು.

ಬೆಂಗಳೂರಿನ ಅಝೀಮ್ ಪ್ರೇಮ್‌ಜಿಯವರ ಹೆಸರು ನಿಮಗೆ ಗೊತ್ತು. ತಮ್ಮ ವಿಪ್ರೋ ಕಂಪೆನಿಯ ಶೇರುಗಳ ಬಹುಭಾಗವನ್ನು ಅವರು ಹಂತಹಂತವಾಗಿ ತಮ್ಮ ಫೌಂಡೇಶನ್ನಿಗೆ ಬಿಟ್ಟುಕೊಟ್ಟರು. 2019ರ ಮಾರ್ಚ್‌ನಲ್ಲಿ ಆ ನಿಧಿಯ ಒಟ್ಟು ಮೌಲ್ಯ ಸುಮಾರು 1,45,000 ಕೋಟಿ ರೂಪಾಯಿ ಎಂದು ಪ್ರಕಟಿಸಲಾಯಿತು. ಈ ಅಂಕಿಯನ್ನು ಎಲ್ಲ ಪತ್ರಿಕೆಗಳೂ ಬರೆದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡ ಸಂಗತಿ ಬೇರೆಯೇ ಇದೆ. ಆರಂಭದ ವರ್ಷಗಳಲ್ಲಿ ಆ ಫೌಂಡೇಶನ್ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಸುವ ಕಾರ್ಯಕ್ರಮ ನಡೆಸಿತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳು ತಯಾರಾದವು. ಸಾವಿರಾರು ಶಾಲೆಗಳಿಗೆ ಅವು ತಲಪಿದವು. ಕೆಲವು ವರ್ಷಗಳ ನಂತರ ಪರಿಶೀಲಿಸಿ ನೋಡಿದರೆ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ. ಇದರಿಂದ ಪ್ರಯೋಜನವಿಲ್ಲ, ಶಿಕ್ಷಕರೊಂದಿಗೆ ಕೆಲಸ ಮಾಡದೆ ಶಾಲೆ ಸುಧಾರಿಸದು ಎಂದು ಬಹಿರಂಗವಾಗಿ ಬರೆದರು. ಸುರಪುರ, ಯಾದಗಿರಿಯಂಥ ಕಡೆ ಶಿಕ್ಷಕರ ಜೊತೆ ವರ್ಷಗಟ್ಟಲೆ ಕೂರುವ ನಿಧಾನದ ದಾರಿ ಹಿಡಿದರು. 2010ರಲ್ಲಿ ವಿಶ್ವವಿದ್ಯಾಲಯವನ್ನೂ ಆರಂಭಿಸಿದರು.

ನೀವು ಹೇಳಬಹುದು, ಸಾವಿರ ಕೋಟಿ ಇದ್ದವರಿಗೆ ಸೋಲು ಸಲೀಸು, ನಮ್ಮ 45,000ಕ್ಕೆ ಅಷ್ಟು ಬಲವೆಲ್ಲಿದೆ ಎಂದು. ನಿಜ. ಆದರೆ ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಲ್ಲಿ ಆರಂಭವಾದಾಗ ಅದರ ಹಿಂದೆ ಯಾವ ಕೋಟ್ಯಧೀಶ ನಿಧಿಯೂ ಇರಲಿಲ್ಲ. ಊರಿನ ಜನರೇ ಕೂಡಿಸಿ ನಡೆಸಿದರು. ಅದೇ ಸಂಸ್ಥೆ 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಬೆಂಗಳೂರಿನ ಅಲ್-ಅಮೀನ್ ಸಂಸ್ಥೆಯನ್ನು 1966ರಲ್ಲಿ ಆರಂಭಿಸಿದ ಡಾ. ಮುಮ್ತಾಝ್ ಅಹ್ಮದ್ ಖಾನ್ ಆಗ ಒಬ್ಬ ಯುವ ವೈದ್ಯರಷ್ಟೇ. ಹಣದ ಗಾತ್ರಕ್ಕಿಂತ ಸೋಲನ್ನು ತಾಳಿಕೊಳ್ಳುವ ಮನಸ್ಸು ಎಷ್ಟಿದೆ ಎಂಬುದೇ ಮುಖ್ಯವಾಗುತ್ತದೆ.

ಆ ಮನಸ್ಸು ನನಗಿರಲಿಲ್ಲ. ಇದನ್ನು ಬರೆಯುವುದು ಸುಲಭವಲ್ಲ.

ಹಲವು ವರ್ಷಗಳ ಹಿಂದೆ ಒಂದು ಊರಿನ ಕಮಿಟಿಯಲ್ಲಿ ನಾನೂ ಇದ್ದೆ. ಹಮಾಲಿ ಮಾಡುವವರೊಬ್ಬರ ಮಗನಿಗೆ ಡಿಪ್ಲೊಮಾ ಓದಲು 9,000 ರೂಪಾಯಿ ಕೊಟ್ಟೆವು. ಆಗಿನ ಕಾಲಕ್ಕೆ ಅದು ನಮಗೆ ದೊಡ್ಡ ಮೊತ್ತ. ಹುಡುಗ ಎರಡನೆಯ ವರ್ಷ ಗಣಿತದಲ್ಲಿ ಮತ್ತೆ ಮತ್ತೆ ಫೇಲಾಗಿ ಊರಿಗೆ ಮರಳಿದ. ವಾರ್ಷಿಕ ಲೆಕ್ಕ ಓದುವ ಸಭೆಯಲ್ಲಿ ಆ ಬಾಬ್ತು ಬಂದಾಗ ನಾನು ಎದ್ದು, ಯೋಗ್ಯತೆ ನೋಡದೆ ಕೊಟ್ಟರೆ ಹೀಗೇ ಆಗುವುದು, ಜನರ ಹಣ ನೀರಿಗೆ ಹೋಯಿತು ಎಂದೆ. ಕೆಲವರು ತಲೆಯಾಡಿಸಿದರು. ಹುಡುಗನ ತಂದೆ ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿದ್ದರು. ನಾನು ನೋಡಿರಲಿಲ್ಲ. ನೋಡಿದ್ದರೆ ಹೇಳುತ್ತಿರಲಿಲ್ಲವೇ? ಗೊತ್ತಿಲ್ಲ. ಆ ನಂತರ ತಂದೆ ಮಗ ಇಬ್ಬರೂ ಆ ಮಸೀದಿಗೆ ಬರುವುದನ್ನು ಬಿಟ್ಟು ಇನ್ನೊಂದು ಮೊಹಲ್ಲಾಕ್ಕೆ ಹೋಗತೊಡಗಿದರು. ಮುಂದಿನ ಒಂಬತ್ತು ವರ್ಷ ನಮ್ಮ ಕಮಿಟಿಗೆ ಒಬ್ಬ ವಿದ್ಯಾರ್ಥಿಯೂ ಅರ್ಜಿ ಕೊಡಲಿಲ್ಲ. ನಮ್ಮ ಊರಲ್ಲಿ ಈಗ ಬಡವರೇ ಇಲ್ಲ ಎಂದು ನಾವು ಸಮಾಧಾನಪಟ್ಟುಕೊಂಡೆವು!

ತುಂಬ ತಡವಾಗಿ ಆ ಹುಡುಗನನ್ನು, ಈಗ ಅವನಿಗೂ ಮಕ್ಕಳಿದ್ದಾರೆ, ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ಚಹಾ ತರಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಾಚಾ, ಫೇಲಾಗಿದ್ದು ನಾನೇ. ಅದಕ್ಕೆ ನೀವು ನನಗೆ ಏನು ಬೇಕಾದರೂ ಅನ್ನಬಹುದಿತ್ತು. ಅಬ್ಬಾನ ಎದುರಿಗೆ ಅಂದಿರಲ್ಲ” ಎಂದ. ಅಬ್ಬಾ ಆಗಲೇ ತೀರಿಹೋಗಿದ್ದರು.

ಕೊಟ್ಟುದನ್ನು ಎತ್ತಿ ಆಡಿ, ಪಡೆದವನ ಮನಸ್ಸು ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂದು ಅಲ್‌ಬಕರ ಅಧ್ಯಾಯದ 264ನೇ ಸೂಕ್ತ ಎಚ್ಚರಿಸುತ್ತದೆ. ಅಂಥ ದಾನವನ್ನು ಅಲ್ಲಿ ನುಣುಪು ಬಂಡೆಯ ಮೇಲಿನ ಮಣ್ಣಿಗೆ ಹೋಲಿಸಲಾಗಿದೆ. ಒಂದು ಜಡಿಮಳೆ ಬಂದರೆ ಸಾಕು, ಏನೂ ಉಳಿಯದು. ಗಮನಿಸಿ, ವಿದ್ಯಾರ್ಥಿ ಫೇಲಾದಾಗ ನಮ್ಮ 9,000 ನೀರಿಗೆ ಹೋಗಿರಲಿಲ್ಲ. ನಾನು ಬಾಯಿ ತೆರೆದಾಗ ಹೋಯಿತು. ಇದೇ ಅಧ್ಯಾಯದಲ್ಲಿ ಮೂರು ಸೂಕ್ತಗಳ ಹಿಂದೆ ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡುವುದರ ಉಪಮೆ ಇದೆ. ಅದು ಪೆಟ್ಟಿಗೆಯಲ್ಲಿಟ್ಟ ನಾಣ್ಯದ ಉಪಮೆಯಲ್ಲ. ಏಳು ತೆನೆಗಳನ್ನು, ತೆನೆಯೊಂದರಲ್ಲಿ ನೂರು ಕಾಳುಗಳನ್ನು ಬಿಡುವ ಒಂದು ಬೀಜದ ಉಪಮೆ. ಬೀಜವನ್ನು ಮಣ್ಣಿಗೆ ಹಾಕಿದವನ ಕಣ್ಣಿಗೆ ಅದು ಕೆಲವು ದಿನ ಕಾಣಿಸುವುದಿಲ್ಲ.

ಚಿಗಳ್ಳಿಯವರಿಗೆ ಇದನ್ನು ನಾನು ವಿವರಿಸಬೇಕೇ? 2019ರ ಆಗಸ್ಟ್‌ನ ಮಳೆಯಲ್ಲಿ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ನೀರು ಗದ್ದೆಗಳಿಗೆ ನುಗ್ಗಿತ್ತು. ಮುಂದಿನ ಮಳೆಗಾಲಕ್ಕೆ ಅದೇ ಸೀಮೆಯ ರೈತ ಮತ್ತೆ ಬೀಜ ಹಿಡಿದು ಗದ್ದೆಗೆ ಇಳಿದ. ಅವನಿಗೆ ಯಾರು ಭರವಸೆ ಪತ್ರ ಬರೆದುಕೊಟ್ಟಿದ್ದರು? ತನ್ನ ಹೊಟ್ಟೆಗಾಗಿ ಇಷ್ಟು ಧೈರ್ಯ ಇರುವವನು ಅಲ್ಲಾಹನ ಹಾದಿಯಲ್ಲಿ ಕೊಡುವಾಗ ಮಾತ್ರ ಗ್ಯಾರಂಟಿ ಕೇಳುವುದು ಆಶ್ಚರ್ಯ. ಅಂತ್ಯದಿನ ಬಂದೇ ಬಿಟ್ಟರೂ ಕೈಯಲ್ಲಿರುವ ಗಿಡವನ್ನು ಸಾಧ್ಯವಾದರೆ ನೆಟ್ಟುಬಿಡಲು ಕಲಿಸಿದ ಪ್ರವಾದಿಯ(ಸ) ಸಮುದಾಯ ನಾವು. ಆ ಗಿಡದ ಹಣ್ಣನ್ನು ಯಾರೂ ತಿನ್ನುವುದಿಲ್ಲ ಎಂದು ಗೊತ್ತಿದ್ದೂ ನೆಡಬೇಕಂತೆ.

ಹಾಗೆಂದು ಕಣ್ಣು ಮುಚ್ಚಿ ಕೊಡಿ ಎನ್ನುತ್ತಿಲ್ಲ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಹೇಳಿದ ಹದೀಸ್ ನಮ್ಮ ಮುಂದಿದೆ. ಮೋಸಗಾರನಿಗೆ ಕೊಡುವುದು ಬೇರೆ, ಪ್ರಯತ್ನಿಸಿ ಸೋಲಬಹುದಾದವನಿಗೆ ಕೊಡುವುದು ಬೇರೆ. ಮೊದಲನೆಯದನ್ನು ತಡೆಯಲು ವಿಚಾರಣೆ ಬೇಕು, ರಶೀದಿ ಬೇಕು, ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟುವ ವ್ಯವಸ್ಥೆಯೂ ಇರಲಿ. (ಝಕಾತ್ ಹಣವಾದರೆ ಹೀಗೆ ಕಟ್ಟುವ ಮುನ್ನ ನಿಮ್ಮ ಆಲಿಮರನ್ನು ಕೇಳಿರಿ, ವಿದ್ಯಾರ್ಥಿಯ ಒಪ್ಪಿಗೆಯ ಪ್ರಶ್ನೆ ಬರುತ್ತದೆ.) ಎರಡನೆಯದನ್ನು ತಡೆಯಲು ಹೋದರೆ ಯಾವ ಒಳ್ಳೆಯ ಕೆಲಸವೂ ಆರಂಭವಾಗದು. ತೀರ್ಪುಗಾರನು ಶ್ರಮವಹಿಸಿ ಯೋಚಿಸಿ ಸರಿಯಾದ ತೀರ್ಪು ಕೊಟ್ಟರೆ ಎರಡು ಪ್ರತಿಫಲ, ತಪ್ಪಿದರೂ ಒಂದು ಪ್ರತಿಫಲ ಎಂದು ಬುಖಾರಿ, ಮುಸ್ಲಿಮ್‌ನಲ್ಲಿದೆ. ಶ್ರಮಪಟ್ಟು ಎಡವಿದವನಿಗೆ ಅಲ್ಲಾಹನು ಒಂದು ಪ್ರತಿಫಲ ಕೊಡುವಾಗ ನಾವು ಅವನಿಗೆ ಸಭೆಯಲ್ಲಿ ಶಿಕ್ಷೆ ಕೊಡುತ್ತೇವೆ.

ಪಕ್ಕದ ಮನೆಯಲ್ಲಿ ಚಳಿಗೆ ನಡುಗುವವನಿರುವಾಗ ಹತ್ತು ವರ್ಷದ ನಂತರದ ಸಂಶೋಧನೆಯ ಮಾತೇಕೆ ಎಂಬ ಆಕ್ಷೇಪ ಉಳಿದಿದೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಡುಗುವವನ ಹಕ್ಕು ಮೊದಲು. ಆದರೆ ಪತ್ರ ಬರೆದ ಸಹೋದರರೇ, ಆ 60 ಮನೆಗಳ ಪಟ್ಟಿಯನ್ನು ಕೊನೆಯ ಬಾರಿ ಯಾವಾಗ ನೋಡಿದಿರಿ? ನಾನು ನೋಡಿದ ಹೆಚ್ಚಿನ ಊರುಗಳಲ್ಲಿ ಆ ಪಟ್ಟಿ ಹಳೆಯದು. ಹೋದ ವರ್ಷದ ಕಂಬಳಿ ಟ್ರಂಕಿನಲ್ಲಿ ಮಡಚಿಟ್ಟೇ ಇರುವ ಮನೆಗೂ ಈ ವರ್ಷ ಮತ್ತೊಂದು ಹೋಗುತ್ತದೆ, ಏಕೆಂದರೆ ಹೆಸರು ಬಿಟ್ಟರೆ ಮನಸ್ತಾಪ. ಕಂಬಳಿ ಹಂಚಿದರೆ ಫೋಟೋ ಬರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಸುರಕ್ಷಿತ ದಾನದ ಆಕರ್ಷಣೆ ಕೆಲವೊಮ್ಮೆ ಬಡವನ ಮೇಲಿನ ಕರುಣೆಯಲ್ಲ, ನಮ್ಮ ಮೇಲೆ ಮಾತು ಬಾರದಿರಲಿ ಎಂಬ ಎಚ್ಚರಿಕೆ. ಇದು ಕಟುವಾಯಿತೇನೋ, ಆದರೆ ನನ್ನನ್ನೇ ಸೇರಿಸಿಕೊಂಡು ಹೇಳುತ್ತಿದ್ದೇನೆ.

ನೀವು ಮತ್ತು ಇನ್ನಿಬ್ಬರು ಒಂದು ಸಂಜೆ ಮನೆಮನೆಗೆ ಹೋಗಿ ಬನ್ನಿ. ನಿಜವಾಗಿ ಬೇಕಾದವರಿಗೆ ಕಂಬಳಿ ಕೊಡಿ, ಒಳ್ಳೆಯದನ್ನೇ ಕೊಡಿ. ಉಳಿದ ಹಣದಲ್ಲಿ ಹುಡುಗಿಯ ಮೊದಲ ವರ್ಷದ ಶುಲ್ಕವನ್ನು ಎರಡು ಕಂತುಗಳಲ್ಲಿ ಕಟ್ಟಿ. ಅವಳ ತಂದೆತಾಯಿಯೊಂದಿಗೆ ಕೂತು, ಓದು ನಡುವೆ ನಿಲ್ಲುವ ಸಂದರ್ಭ ಬಂದರೆ ಮೊದಲು ನಮಗೆ ತಿಳಿಸಿರಿ ಎಂದಷ್ಟೇ ಕೇಳಿಕೊಳ್ಳಿ, ಹಣ ಮರಳಿಸುವ ಮಾತೆತ್ತಬೇಡಿ. ಕೊಳೆರೋಗಕ್ಕೆ ಮದ್ದು ಅವಳೇ ಕಂಡುಹಿಡಿಯಬೇಕೆಂದೂ ಇಲ್ಲ. ಯಾವ ಔಷಧಿ ಕೆಲಸ ಮಾಡುವುದಿಲ್ಲ ಎಂದು ಅವಳು ಖಚಿತವಾಗಿ ತಿಳಿಸಿದರೂ ನಿಮ್ಮ ಸೀಮೆಯ ರೈತನು ಆ ಡಬ್ಬಿಗೆ ಸುರಿಯುವ ಹಣ ಉಳಿಯುತ್ತದೆ. ಮುಂದಿನ ವರ್ಷ ಲೆಕ್ಕ ಓದುವಾಗ ಮೊತ್ತ ಓದಿ, ಹೆಸರು ಓದಬೇಡಿ.

ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು ನೀವು ಪತ್ರದಲ್ಲಿ ತಿಳಿಸಿಲ್ಲ. ಕಾಲೇಜುಗಳು ಸಾಮಾನ್ಯವಾಗಿ ಹೆಚ್ಚು ದಿನ ಕೊಡುವುದಿಲ್ಲ. ಮುಂದಿನ ಜುಮಾ ತನಕ ಕಾಯದೆ, ಸಾಧ್ಯವಾದರೆ ಇವತ್ತೇ ಇಶಾದ ನಂತರ ನಾಲ್ಕು ಜನ ಕೂತುಕೊಳ್ಳಿ.